ಒಣ ಲೇನಿಗೆ ಯಾವ ಚೆಂಡು? ಬಳ್ಳಾರಿಯ ನಾಲ್ಕು ಲೇನಿನ ಒಂದು ಪ್ರಕರಣ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಚೆಂಡು ಉರುಳಿಸಿ ಪಿನ್ನು ಬೀಳಿಸುವ ಬೌಲಿಂಗ್ ಆಲಿಯಲ್ಲಿ ಈ ಗಾದೆ ಅರ್ಧಕ್ಕೆ ಮಾತ್ರ ಒಪ್ಪುತ್ತದೆ. ಇಲ್ಲಿ ನೆಲ ನಿಜವಾಗಿಯೂ ದಿನಕ್ಕೊಂದು ತರ ಇರುತ್ತದೆ. ಲೇನಿನ (ಚೆಂಡು ಉರುಳುವ ಉದ್ದನೆಯ ಹಾದಿಯ) ಮೇಲೆ ಎಣ್ಣೆ ಎಷ್ಟು ಬಿದ್ದಿದೆ, ಎಲ್ಲಿ ಉಳಿದಿದೆ, ಎಲ್ಲಿ ಸವೆದಿದೆ ಎನ್ನುವುದು ಬದಲಾದರೆ ಅದೇ ಕೈ, ಅದೇ ಚೆಂಡು ಬೇರೆಯದೇ ಆಟ ಆಡುತ್ತವೆ. ಎಣ್ಣೆ ಒಣಗಿದ ಲೇನಿನಲ್ಲಿ ದುಬಾರಿ ಚೆಂಡು ಯಾಕೆ ಕೈಕೊಡುತ್ತದೆ, ಅದರ ಜಾಗಕ್ಕೆ ಎಂಥದ್ದನ್ನು ತರಬೇಕು, ತಂದ ಮೇಲೆ ಹೇಗೆ ಎಸೆಯಬೇಕು ಎನ್ನುವುದನ್ನು ಒಂದೇ ಸನ್ನಿವೇಶ ಹಿಡಿದು ಇಲ್ಲಿ ಬಿಡಿಸಲಾಗಿದೆ. ಸನ್ನಿವೇಶ ಮಾದರಿಗಾಗಿ ಕಟ್ಟಿದ್ದು, ಆಟಗಾರರಿಗೂ ಆಲಿಗೂ ಹೆಸರಿಲ್ಲ. ಅಳತೆ, ಲೆಕ್ಕ, ಚೆಂಡಿನ ಗುಣಗಳು ಮಾತ್ರ ಯಾವ ಆಲಿಗಾದರೂ ಹೊಂದುವಂಥವು.

ಸನ್ನಿವೇಶ

ಬಳ್ಳಾರಿಯ ಒಂದು ವಾಣಿಜ್ಯ ಕಟ್ಟಡದ ಮೇಲಂತಸ್ತಿನಲ್ಲಿ ನಾಲ್ಕು ಸಿಂಥೆಟಿಕ್ ಲೇನ್. ಪಿನ್ನುಗಳಿಗೆ ದಾರ ಕಟ್ಟಿ ಮೇಲಕ್ಕೆಳೆಯುವ ಯಂತ್ರ. ಬರುವವರಲ್ಲಿ ಹೆಚ್ಚಿನವರು ಹುಟ್ಟುಹಬ್ಬ ಆಚರಿಸುವ ಕುಟುಂಬಗಳು, ಕಾಲೇಜು ಹುಡುಗರು, ಇಳಿಜಾರು ಸ್ಟ್ಯಾಂಡಿನ ಮೇಲಿಂದ ಚೆಂಡು ಉರುಳಿಸುವ ಮಕ್ಕಳು. ಎಣ್ಣೆ ಹಾಕುವ ಯಂತ್ರವಿಲ್ಲ. ಸೋಮವಾರ ಬೆಳಿಗ್ಗೆ ಸಿಬ್ಬಂದಿ ಅಗಲವಾದ ಮಾಪಿನಿಂದ ಮುಂದಿನ ಭಾಗಕ್ಕೆ ಎಣ್ಣೆ ಸವರುತ್ತಾರೆ, ಅಷ್ಟೇ. ‘ಅಣ್ಣಾ, ಶನಿವಾರ ಭಾನುವಾರ ಮಂದಿ ಜಾಸ್ತಿ. ಎಣ್ಣೆ ಹಾಕಿದ್ರ ನಿಂದ್ರಂಗಿಲ್ಲ’ ಎನ್ನುವುದು ಅವರ ಉತ್ತರ. ಅದರಲ್ಲಿ ಸುಳ್ಳಿಲ್ಲ.

ಆಟಗಾರರಿಗೆ 34 ವರ್ಷ, ತೂಕ 62 ಕಿಲೋ, ಬಲಗೈ. ತೋರಣಗಲ್ಲಿನಲ್ಲಿ ಕೆಲಸ. ಮೊದಲು ಬೆಂಗಳೂರಿನಲ್ಲಿದ್ದಾಗ ಅಲ್ಲಿನ ದೊಡ್ಡ ಆಲಿಯಲ್ಲಿ ಕಲಿತವರು. ಅಲ್ಲಿ ಬೆರಳಿನ ತೂತು ಡ್ರಿಲ್ ಮಾಡಿಸಿಕೊಂಡ 15 ಪೌಂಡಿನ ಚೆಂಡೊಂದು ಕೈಯಲ್ಲಿದೆ: ಸಾಲಿಡ್ ರಿಯಾಕ್ಟಿವ್ ರೆಸಿನ್ ಮೈ (ಲೇನನ್ನು ಗಟ್ಟಿಯಾಗಿ ಹಿಡಿಯುವ ಹೊರಪದರ), 2000 ಗ್ರಿಟ್ ಪ್ಯಾಡಿನಲ್ಲಿ ಉಜ್ಜಿದ ಮಬ್ಬು ಮೇಲ್ಮೈ, ಒಳಗೆ ಬಲವಾದ ಅಸಮಪಾರ್ಶ್ವದ ಕೋರ್ (ಒಳಗಿನ ತೂಕದ ಗಟ್ಟಿ). ಎಣ್ಣೆ ತುಂಬಿದ ಲೇನಿಗಾಗಿಯೇ ಮಾಡಿದ ಚೆಂಡು. ಬೆಂಗಳೂರಿನಲ್ಲಿ ಅದು ಚೆನ್ನಾಗಿ ಆಡಿತ್ತು. ಬಳ್ಳಾರಿಗೆ ಬಂದ ಮೇಲೆ ಬುಧವಾರ ರಾತ್ರಿಯ ಗೆಳೆಯರ ಪಂದ್ಯದಲ್ಲಿ ಮೂರು ಗೇಮಿಗೂ ಕೈಕೊಡುತ್ತಿದೆ.

ಬಿಟ್ಟ ಪಿನ್ನುಗಳು ಹೇಳುವ ಕತೆ

ಹತ್ತು ಪಿನ್ನುಗಳಿಗೆ ಮುಂದಿನಿಂದ ಹಿಂದಕ್ಕೆ, ಎಡದಿಂದ ಬಲಕ್ಕೆ 1ರಿಂದ 10ರ ಅಂಕಿ, ಎಲ್ಲಕ್ಕಿಂತ ಮುಂದಿನದು ಹೆಡ್‌ಪಿನ್. ಮೊದಲ ನೋಟಕ್ಕೆ ತೊಂದರೆ ‘ಹುಕ್ ಜಾಸ್ತಿ’, ಅಂದರೆ ಚೆಂಡು ಎಡಕ್ಕೆ ಹೆಚ್ಚು ಬಾಗುತ್ತದೆ ಎಂದೇ ಕಾಣುತ್ತದೆ. ಹೆಡ್‌ಪಿನ್ನಿನ ಮೂಗಿಗೇ (ನಟ್ಟನಡುವೆ) ಹೋಗಿ ಬಡಿದು 3-6-10, 4-9, ಕೆಲವೊಮ್ಮೆ 4-6-7-10 ನಿಂತುಬಿಡುತ್ತವೆ. ಇದನ್ನು ನೋಡಿ ಎಲ್ಲರೂ ಕೊಡುವ ಸಲಹೆ ಒಂದೇ: ಎಡಕ್ಕೆ ಸರಿದು ನಿಲ್ಲು. ಸರಿದು ನಿಂತರೆ ಚೆಂಡು ಪಾಕೆಟ್ಟಿಗೇ (1 ಮತ್ತು 3ನೇ ಪಿನ್ನಿನ ನಡುವಿನ ಸಂದಿಗೆ) ಹೋಗುತ್ತದೆ, ಆದರೆ ಈಗ 10ನೇ ಪಿನ್ ನಿಲ್ಲುತ್ತದೆ, 8-10 ನಿಲ್ಲುತ್ತದೆ, ಕೆಲವೊಮ್ಮೆ 5ನೇ ಪಿನ್ನೂ ಅಲುಗುವುದಿಲ್ಲ.

ಈ ಎರಡನೇ ಗುಂಪಿನ ಪಿನ್ನುಗಳೇ ನಿಜವಾದ ಸುಳಿವು. ಪಾಕೆಟ್ಟಿಗೆ ಬಡಿದೂ 5ನೇ ಪಿನ್ ನಿಂತಿತೆಂದರೆ ಚೆಂಡು ಪಿನ್ನಿಗೆ ತಗುಲಿ ಬಲಕ್ಕೆ ಸರಿದಿದೆ, ಒಳಗೆ ನುಗ್ಗಿಲ್ಲ. ಅಂದರೆ ಪಿನ್ನು ಮುಟ್ಟುವ ಹೊತ್ತಿಗೆ ಚೆಂಡಿನಲ್ಲಿ ಕಸುವು ಉಳಿದಿರಲಿಲ್ಲ.

ಲೇನಿನ ಮೇಲೆ ಚೆಂಡಿಗೆ ಮೂರು ಹಂತಗಳಿವೆ. ಮೊದಲು ಎಣ್ಣೆಯ ಮೇಲೆ ಜಾರುತ್ತದೆ. ಆಮೇಲೆ ಒಣ ಭಾಗ ಸಿಕ್ಕಿದಾಗ ಹಿಡಿತ ಸಿಕ್ಕಿ ತಿರುಗುತ್ತದೆ. ಕೊನೆಗೆ ತಿರುಗುವುದನ್ನು ನಿಲ್ಲಿಸಿ ಹೋಗುವ ದಿಕ್ಕಿಗೇ ಉರುಳುತ್ತದೆ. ಎಸೆಯುವವರು ದಾಟಬಾರದ ಗೆರೆಯಾದ ಫೌಲ್ ಲೈನಿನಿಂದ ಹೆಡ್‌ಪಿನ್ನಿಗೆ 60 ಅಡಿ. ಯಂತ್ರದಿಂದ ಎಣ್ಣೆ ಹಾಕಿದ ಸಾಧಾರಣ ಲೇನಿನಲ್ಲಿ ಸುಮಾರು 40 ಅಡಿವರೆಗೆ ಎಣ್ಣೆ ಇರುತ್ತದೆ, ಉಳಿದ 20 ಅಡಿಯಲ್ಲಿ ಚೆಂಡು ತಿರುಗುತ್ತದೆ. ಬಳ್ಳಾರಿಯ ಈ ಲೇನಿನಲ್ಲಿ ತಿರುವು 25 ಅಡಿಗೇ ಶುರುವಾದರೆ 45 ಅಡಿ ಹೊತ್ತಿಗೆ ಮುಗಿದೂಹೋಗುತ್ತದೆ. ಉಳಿದ 15 ಅಡಿ ಚೆಂಡು ಬರೀ ಉರುಳಿಕೊಂಡು ಬರುತ್ತದೆ. ಇದಕ್ಕೆ ಆಟಗಾರರ ಬಾಯಲ್ಲಿ ‘ರೋಲ್ ಔಟ್’ ಎಂದು ಹೆಸರು. ಪಾಕೆಟ್ಟಿಗೆ 4ರಿಂದ 6 ಡಿಗ್ರಿ ಕೋನದಲ್ಲಿ ನುಗ್ಗಬೇಕಾದ ಚೆಂಡು ಆ ಕೋನವನ್ನು ದಾರಿಯಲ್ಲೇ ಚೆಲ್ಲಿಕೊಂಡು ಬಂದಿರುತ್ತದೆ.

ಆದ್ದರಿಂದ ಈ ಪ್ರಕರಣದಲ್ಲಿ ಕೇಳಬೇಕಾದ ಪ್ರಶ್ನೆ ‘ಚೆಂಡು ಎಷ್ಟು ತಿರುಗುತ್ತದೆ’ ಎಂದಲ್ಲ, ‘ಎಲ್ಲಿ ತಿರುಗಲು ಶುರುಮಾಡುತ್ತದೆ’ ಎಂದು. ಮುಂದಿನ ಆಯ್ಕೆಗಳೆಲ್ಲ ಇದರ ಮೇಲೇ ನಿಂತಿವೆ. ದಾರದ ಪಿನ್ನಿನಲ್ಲಿ ಇದಕ್ಕೆ ಇನ್ನೂ ತೂಕ ಬರುತ್ತದೆ. ಬಿದ್ದ ಪಿನ್ನು ಲೇನಿನ ಮೇಲೆ ಅಡ್ಡಾಡಿ ಇನ್ನೊಂದನ್ನು ಬೀಳಿಸುವ ಅದೃಷ್ಟ ಅಲ್ಲಿ ಕಡಿಮೆ. ಕೋನ ಕೆಟ್ಟರೆ ಪಿನ್ ಉಳಿಯಿತೆಂದೇ ತಿಳಿಯಬೇಕು.

ಅಳೆದು ನೋಡುವುದು

ಚೆಂಡು ಕೊಳ್ಳುವ ಮುಂಚೆ ಮೂರು ಅಳತೆ ಬೇಕು. ಮೂರಕ್ಕೂ ಒಂದು ಮೊಬೈಲ್ ಸಾಕು.

ವೇಗ: ಸೆಕೆಂಡಿಗೆ 60 ಫ್ರೇಮಿನಂತೆ ವಿಡಿಯೋ ತೆಗೆದು, ಚೆಂಡು ಫೌಲ್ ಲೈನ್ ದಾಟಿದ ಫ್ರೇಮಿನಿಂದ ಹೆಡ್‌ಪಿನ್ ಮುಟ್ಟಿದ ಫ್ರೇಮಿನವರೆಗೆ ಎಣಿಸಬೇಕು. ಇವರದು 168 ಫ್ರೇಮ್, ಅಂದರೆ 2.8 ಸೆಕೆಂಡ್. 60 ಅಡಿಯನ್ನು ಅದರಿಂದ ಭಾಗಿಸಿದರೆ ಸೆಕೆಂಡಿಗೆ 21.4 ಅಡಿ, ಗಂಟೆಗೆ ಸುಮಾರು 23.5 ಕಿಲೋಮೀಟರ್. ಇದು ದಾರಿಯುದ್ದದ ಸರಾಸರಿ. ಕೈ ಬಿಟ್ಟಾಗಿನ ವೇಗ ಇದಕ್ಕಿಂತ ಸ್ವಲ್ಪ ಹೆಚ್ಚಿರುತ್ತದೆ. ಏನೇ ಆದರೂ ನಿಧಾನದ ಕಡೆಯ ಎಸೆತ.

ಸುತ್ತು: ಚೆಂಡಿನ ಮೇಲೆ ಬಿಳಿ ಟೇಪಿನ ತುಂಡು ಅಂಟಿಸಿ, ಸ್ಲೋ ಮೋಷನ್ನಿನಲ್ಲಿ ಸೆಕೆಂಡಿಗೆ 240 ಫ್ರೇಮಿನಂತೆ ಚಿತ್ರೀಕರಿಸಿ. ಕೈ ಬಿಟ್ಟ ತಕ್ಷಣದ ಒಂದು ಪೂರ್ತಿ ಸುತ್ತಿಗೆ 46 ಫ್ರೇಮ್ ಹಿಡಿದರೆ ನಿಮಿಷಕ್ಕೆ ಸುಮಾರು 313 ಸುತ್ತು. ಈ ಸುತ್ತಿಗೆ ಈ ವೇಗ ಸಾಲದು. ವೇಗ ಕಡಿಮೆ, ಸುತ್ತು ಹೆಚ್ಚು ಇರುವ ಕೈಗೆ ಯಾವ ಚೆಂಡು ಕೊಟ್ಟರೂ ಬೇಗ ತಿರುಗುತ್ತದೆ. ಒಣ ಲೇನ್ ಇದಕ್ಕೆ ಇನ್ನಷ್ಟು ಸೇರಿಸುತ್ತದೆ.

ಮೂರನೆಯದು ಲೇನಿನ ಓದು, ಇದಕ್ಕೆ ತುಸು ತಾಳ್ಮೆ ಬೇಕು. ಎರಡು ಲೇನಿನ ನಡುವಿನ ಕಟ್ಟೆಯ ಮೇಲೆ 20, 30, 40 ಅಡಿಗೆ ಕಾಗದದ ಟೇಪ್ ಅಂಟಿಸಲು ಸಿಬ್ಬಂದಿಯನ್ನು ಕೇಳಿ, ನೀವೇ ಲೇನಿನ ಮೇಲೆ ಕಾಲಿಡಬೇಡಿ. ಲೇನಿನ ಅಗಲ 41.5 ಇಂಚು, ಅದರಲ್ಲಿ 39 ಪಟ್ಟಿ, ಬಲಗೈಯವರು ಬಲದಿಂದ ಎಣಿಸುತ್ತಾರೆ. ಸುಮಾರು 15 ಅಡಿ ದೂರದಲ್ಲಿ ಕಾಣುವ ಏಳು ಬಾಣಗಳು ಪ್ರತಿ ಐದನೇ ಪಟ್ಟಿಗೊಂದರಂತೆ ಇವೆ. 5, 10, 15, 20ನೇ ಪಟ್ಟಿಗಳ ಮೇಲೆ ಮೂರು ಮೂರು ಎಸೆತ, ಒಂದೇ ವೇಗ, ಹಿಂದಿನಿಂದ ವಿಡಿಯೋ.

ಈ ಆಲಿಯಲ್ಲಿ ಬಂದ ಉತ್ತರ ಪುಸ್ತಕದಂತೆ ಇಲ್ಲ. 10ನೇ ಪಟ್ಟಿಯಲ್ಲಿ ಚೆಂಡು 28ರಿಂದ 30 ಅಡಿಗೆ ತಿರುಗಿತು. 15ರ ಆಸುಪಾಸಿನಲ್ಲಿ 35 ಅಡಿವರೆಗೂ ಜಾರಿತು. 20ರ ಮೇಲೆ, ಅಂದರೆ ನಟ್ಟನಡುವೆ, 25 ಅಡಿಗೇ ಕಚ್ಚಿಕೊಂಡಿತು. ದೊಡ್ಡ ಆಲಿಗಳಲ್ಲಿ ಲೇನಿನ ನಡುವೆಯೇ ಎಣ್ಣೆ ಹೆಚ್ಚು, ಅಂಚಿನಲ್ಲಿ ಕಡಿಮೆ. ಇಲ್ಲಿ ನಡುವೆ ಯಾಕೆ ಒಣಗಿದೆ? ಮಕ್ಕಳ ಸ್ಟ್ಯಾಂಡಿನ ಚೆಂಡು, ಹೊಸಬರ ನೇರ ಚೆಂಡು ಎಲ್ಲವೂ ನಟ್ಟನಡುವೆಯೇ ಹೋಗುತ್ತವೆ. ಆಲಿಯ ಪ್ಲಾಸ್ಟಿಕ್ ಚೆಂಡು ಎಣ್ಣೆ ಕುಡಿಯುವುದಿಲ್ಲ, ಮುಂದಕ್ಕೆ ತಳ್ಳಿಕೊಂಡು ಹೋಗುತ್ತದೆ. ವಾರವಿಡೀ ಹೀಗೆ ನಡೆದರೆ ನಡುಭಾಗ ಎತ್ತಿನಗಾಡಿಯ ಜಾಡಿನಂತೆ ಸವೆಯುತ್ತದೆ. ಅಂಚಿಗೆ ಮಾಪು ಸರಿಯಾಗಿ ತಗುಲುವುದೇ ಇಲ್ಲ. ಕೊನೆಗೆ ಎಣ್ಣೆ ಉಳಿದದ್ದು 12ರಿಂದ 17ನೇ ಪಟ್ಟಿಯ ನಡುವೆ, ಆರೇ ಪಟ್ಟಿ.

ಎಣ್ಣೆ ಇದೆಯೋ ಇಲ್ಲವೋ ತಿಳಿಯಲು ಇನ್ನೊಂದು ಸುಲಭ ದಾರಿ: ಮರಳಿ ಬಂದ ಚೆಂಡನ್ನು ಒರೆಸುವ ಮುಂಚೆ ದೀಪಕ್ಕೆ ಹಿಡಿದು ನೋಡಿ. ಎಣ್ಣೆಯ ಉಂಗುರಗಳು ಸಾಲಾಗಿ ಕಂಡರೆ ಲೇನಿನಲ್ಲಿ ಎಣ್ಣೆ ಇದೆ. ತೆಳುವಾಗಿ ಒಂದೆರಡೇ ಕಂಡರೆ ಇಲ್ಲ.

ಫಲಿಸದ ನಾಲ್ಕು ಪ್ರಯತ್ನ

ಕೈಯಲ್ಲಿದ್ದ ಚೆಂಡಿಗೆ ಪಾಲಿಶ್ ಹಚ್ಚಿದ್ದು ಮೊದಲನೆಯದು. ಪಾಲಿಶ್ ತಿರುವನ್ನು ಕೆಲವು ಅಡಿ ಮುಂದೂಡುತ್ತದೆ, ಅದು ಸುಳ್ಳಲ್ಲ. ಆದರೆ ಸಾಲಿಡ್ ರಿಯಾಕ್ಟಿವ್ ಮೈ ಮತ್ತು ಬಲವಾದ ಕೋರ್ ಎರಡೂ ಹಾಗೆಯೇ ಇವೆ. ಪಾಲಿಶಿನ ಮೇಲೆ ಜಾರಿದ ಚೆಂಡು ಒಣ ಜಾಗ ಸಿಕ್ಕ ಕೂಡಲೇ ಥಟ್ಟನೆ ಮುರಿದುಕೊಂಡು ಎಡಕ್ಕೆ ಹಾರುತ್ತದೆ. ಒಂದು ಎಸೆತ ಪಾಕೆಟ್, ಮುಂದಿನದು ಮೂಗಿನ ಮೇಲೆ. ಮೊದಲಿಗಿಂತ ಊಹೆಗೆ ಸಿಗದ ಚೆಂಡಾಯಿತು.

ಎರಡನೆಯದು ಜೋರಾಗಿ ಎಸೆಯುವುದು. ಭುಜದ ಬಲ ಹಾಕಿ 15 ಪೌಂಡ್, ಅಂದರೆ 6.8 ಕಿಲೋ ತಳ್ಳಿದರೆ ವೇಗ ನಾಲ್ಕು ಎಸೆತಕ್ಕೆ ಹೆಚ್ಚುತ್ತದೆ, ಐದನೆಯದಕ್ಕೆ ತೋಳು ಬಿಗಿದು ಗುರಿ ತಪ್ಪುತ್ತದೆ.

ಮೂರನೆಯದು ಆಲಿಯ ಪ್ಲಾಸ್ಟಿಕ್ ಚೆಂಡಿನಿಂದ ನೇರವಾಗಿ ಆಡುವುದು. ಲೆಕ್ಕ ಹಾಕಿ: ಫೌಲ್ ಲೈನಿನ ಬಲತುದಿಯ ಮೊದಲ ಪಟ್ಟಿಯಿಂದ ಪಾಕೆಟ್ ಇರುವ 17.5ನೇ ಪಟ್ಟಿಗೆ ಅಡ್ಡ ದೂರ 17.5 ಇಂಚಿನಷ್ಟು. 60 ಅಡಿಯಲ್ಲಿ ಅಷ್ಟು ಸರಿದರೆ ಕೋನ ಬರೀ 1.4 ಡಿಗ್ರಿ. ನೇರ ಚೆಂಡು ಎಷ್ಟೇ ಓರೆಯಾಗಿ ಬಂದರೂ ಇದನ್ನು ಮೀರುವುದಿಲ್ಲ. ಸ್ಪೇರಿಗೆ (ಉಳಿದ ಪಿನ್ನುಗಳನ್ನು ಎರಡನೇ ಎಸೆತದಲ್ಲಿ ಬೀಳಿಸಲು) ಇದು ಬಂಗಾರ, ಸ್ಟ್ರೈಕಿಗೆ (ಮೊದಲ ಎಸೆತಕ್ಕೇ ಹತ್ತನ್ನೂ ಬೀಳಿಸಲು) ಸಾಲದು.

ನಾಲ್ಕನೆಯದನ್ನು ವಿವರವಾಗಿ ಹೇಳಬೇಕು, ಯಾಕೆಂದರೆ ಈ ತಪ್ಪನ್ನು ಬಲ್ಲವರೂ ಮಾಡುತ್ತಾರೆ. ‘ಒಣ ಲೇನಿಗೆ ಯುರೆಥೇನ್’ ಎಂಬ ಮಾತು ಎಲ್ಲರ ಬಾಯಲ್ಲಿದೆ. ಯುರೆಥೇನ್ ಎಂದರೆ ಚೆಂಡಿನ ಮೈಯ ಇನ್ನೊಂದು ಬಗೆ. ಗೆಳೆಯರ ಮಬ್ಬು ಯುರೆಥೇನ್ ಚೆಂಡೊಂದನ್ನು ಎರವಲು ತಂದು ಆಡಲಾಯಿತು. ಯುರೆಥೇನಿನ ಗುಣ ಏನೆಂದರೆ ಕೊನೆಯಲ್ಲಿ ಥಟ್ಟನೆ ಮುರಿಯುವುದಿಲ್ಲ, ಉದ್ದಕ್ಕೂ ಹದವಾಗಿ ಬಾಗುತ್ತದೆ. ಹಾಗಾಗಿ ಎಣ್ಣೆ ಚಿಕ್ಕದಾಗಿ ಹಾಕಿದ ಪಂದ್ಯದ ಲೇನಿನಲ್ಲಿ, ವೇಗವಾಗಿ ಎಸೆಯುವವರ ಕೈಯಲ್ಲಿ, ಅದು ಅಳತೆಗೆ ಸಿಗುವ ಚೆಂಡು. ಆದರೆ ಅದು ಹಿಡಿತವನ್ನು ಬೇಗ ಹುಡುಕಿಕೊಳ್ಳುತ್ತದೆ. ಗಂಟೆಗೆ 23.5 ಕಿಲೋಮೀಟರಿನಲ್ಲಿ ಹೋಗುವ ಚೆಂಡಿಗೆ, ಮುಂಭಾಗವೇ ಸುಟ್ಟಂತಿರುವ ಲೇನಿನಲ್ಲಿ, ಇದು ಬೇಡವಾದ ಗುಣ. ಮೂಗಿಗೆ ಹೋಗುವುದು ನಿಂತಿತು, 10ನೇ ಪಿನ್ನೂ 5ನೇ ಪಿನ್ನೂ ನಿಲ್ಲುವುದು ಹೆಚ್ಚಾಯಿತು. ನಿಧಾನದ ಕೈಗೆ ಒಣ ಲೇನಿನಲ್ಲಿ ಮಬ್ಬು ಯುರೆಥೇನ್ ಕೊಡಬಾರದು. ಇದನ್ನು ಅನುಮಾನವಿಲ್ಲದೆ ಹೇಳಬಹುದು.

ಚೆಂಡಿಗೆ ಕಾರಿನ ವ್ಯಾಕ್ಸು, ಕೊಬ್ಬರಿ ಎಣ್ಣೆ ಹಚ್ಚುವ ಉಪಾಯವನ್ನು ಯಾರೋ ಒಬ್ಬರು ಹೇಳಿಯೇ ಹೇಳುತ್ತಾರೆ. ಅದು ಲೇನನ್ನು ಹಾಳುಮಾಡುತ್ತದೆ, ಯಂತ್ರದ ಬೆಲ್ಟಿಗೆ ಅಂಟುತ್ತದೆ. ಪ್ರಯತ್ನಗಳ ಪಟ್ಟಿಗೆ ಅದನ್ನು ಸೇರಿಸುವುದೇ ಬೇಡ.

ಆಯ್ಕೆ

ಚೆಂಡಿನ ಮೈ, ಒಳಗಿನ ಕೋರ್, ಮೇಲಿನ ಹೊಳಪು, ತೂಕ, ತೂತು ಕೊರೆಯುವ ಜಾಗ. ಇವುಗಳಲ್ಲಿ ಕೊಳ್ಳುವವರು ಹೆಚ್ಚು ನೋಡುವುದು ಬಣ್ಣವನ್ನು. ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಮೈ.

ಮೈ ಪರ್ಲ್ ರಿಯಾಕ್ಟಿವ್ ಇರಲಿ. ರಿಯಾಕ್ಟಿವ್ ರೆಸಿನ್ 1990ರ ದಶಕದ ಆರಂಭದಲ್ಲಿ ಬಂದದ್ದು. ಅದರ ಸಾಲಿಡ್ ಬಗೆ ಎಣ್ಣೆಯಲ್ಲೂ ಹಿಡಿತ ಹುಡುಕುತ್ತದೆ, ಪರ್ಲ್ ಬಗೆ ತಡಮಾಡಿ ಹಿಡಿಯುತ್ತದೆ. ಆದರೆ ಪರ್ಲುಗಳಲ್ಲೂ ಬಲವಾದವು ಇವೆ. ಇಲ್ಲಿ ಬೇಕಾದದ್ದು ತಯಾರಕರ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗೆ, ಹೊಸಬರಿಗೆಂದು ಇಡುವ ಸಾಲಿನ ಪರ್ಲ್. ಸ್ಟಾರ್ಮ್ ಕಂಪನಿಯ ಟ್ರಾಪಿಕಲ್ ಸರ್ಜ್, ಬ್ರನ್ಸ್‌ವಿಕ್ಕಿನ ರೈನೋ ಆ ಸಾಲಿನವು. ಅನುಭವಿಗಳು ಇವನ್ನು ಕೈಯಲ್ಲಿ ಹಿಡಿಯಲು ನಾಚುತ್ತಾರೆ. ನಾಚಿಕೆ ಬಿಟ್ಟರೆ ಒಣ ಲೇನಿನಲ್ಲಿ ಗೆಲ್ಲಿಸುವುದು ಇವೇ.

ಕೋರಿಗೆ ಎರಡು ಅಂಕಿ. ಆರ್‌ಜಿ ಎನ್ನುವುದು ತೂಕ ಚೆಂಡಿನ ನಡುವಿನಿಂದ ಎಷ್ಟು ದೂರ ಹರಡಿದೆ ಎಂಬುದರ ಅಳತೆ. ತೂಕ ನಡುವೆ ಕೂಡಿದ್ದರೆ ಚೆಂಡು ಸಣ್ಣ ಬುಗುರಿಯಂತೆ ಬೇಗ ಸುತ್ತಿಗೆ ಬೀಳುತ್ತದೆ, ಹೊರಕ್ಕೆ ಹರಡಿದ್ದರೆ ತಡವಾಗಿ. ಅಮೆರಿಕದ ಬೌಲಿಂಗ್ ಸಂಸ್ಥೆಯಾದ ಯುಎಸ್‌ಬಿಸಿ ನಿಯಮದಲ್ಲಿ ಇದು 2.46ರಿಂದ 2.80 ಇಂಚಿನೊಳಗೆ ಇರಬೇಕು. ಇಲ್ಲಿ 2.55ಕ್ಕಿಂತ ಮೇಲಿನದು ನೋಡಿ. ಎರಡನೆಯದು ಡಿಫರೆನ್ಷಿಯಲ್. ಅದು ಹೆಚ್ಚಿದ್ದಷ್ಟೂ ಪ್ರತಿ ಸುತ್ತಿನಲ್ಲೂ ಚೆಂಡಿನ ಹೊಸ, ಎಣ್ಣೆ ತಾಗದ ಜಾಗ ಲೇನನ್ನು ಮುಟ್ಟುತ್ತದೆ, ಹಿಡಿತ ಹೆಚ್ಚುತ್ತದೆ. ನಿಯಮದ ಗರಿಷ್ಠ 0.060. ಇವರ ಹಳೆಯ ಚೆಂಡಿನದು 0.052. ಹೊಸದರಲ್ಲಿ 0.030 ದಾಟಬಾರದು.

ತೂಕದ ಬಗ್ಗೆ ಚರ್ಚೆ ಇದೆ. ಹಗುರ ಚೆಂಡು ಪಿನ್ನಿಗೆ ತಗುಲಿ ಹೆಚ್ಚು ಸರಿಯುತ್ತದೆ ಎಂದು 15 ಬಿಡಬಾರದು ಎನ್ನುವವರಿದ್ದಾರೆ. ಆದರೆ 62 ಕಿಲೋದ ಕೈಗೆ ಸ್ವಿಂಗಿನ ಕೊನೆಯಲ್ಲಿ ಭುಜ ಇಳಿಬೀಳುವುದು ವಿಡಿಯೋದಲ್ಲಿ ಕಾಣುತ್ತಿದೆ. ವೇಗವೇ ತೊಂದರೆಯಾಗಿರುವಾಗ 14 ಪೌಂಡು, ಅಂದರೆ 6.35 ಕಿಲೋ ಸರಿಯಾದ ಆಯ್ಕೆ. ಅದಕ್ಕಿಂತ ಕೆಳಗೆ ಇಳಿಯುವುದು ಬೇಡ: 13, 12 ಪೌಂಡಿನಲ್ಲಿ ಹಲವು ತಯಾರಕರು ಒಳಗಿನ ಕೋರನ್ನೇ ಬದಲಿಸುತ್ತಾರೆ, ಡಬ್ಬಿಯ ಮೇಲಿನ ಅಂಕಿ ಆ ತೂಕಕ್ಕೆ ಹೊಂದುವುದಿಲ್ಲ.

ಡ್ರಿಲ್ ಮಾಡಿಸಲು ಬೆಂಗಳೂರಿಗೆ ಹೋಗಬೇಕು. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹೊರಟರೆ ಬೆಳಿಗ್ಗೆ ಇಳಿಯುವ ದಾರಿ. ಹಳೆಯ ಚೆಂಡನ್ನೂ ಒಯ್ಯುವುದು ಕಡ್ಡಾಯ. ಎಣ್ಣೆಯ ಉಂಗುರ ಒರೆಸದೆ ಒಯ್ದರೆ, ಚೆಂಡು ಕೈ ಬಿಟ್ಟ ಕ್ಷಣದಲ್ಲಿ ಯಾವ ಬಿಂದುವಿನ ಸುತ್ತ ತಿರುಗುತ್ತಿತ್ತು ಎಂಬುದನ್ನು ಡ್ರಿಲ್ ಮಾಡುವವರು ಮೊದಲ ಉಂಗುರದಿಂದ ಗುರುತಿಸುತ್ತಾರೆ. ಅದಕ್ಕೆ ಪಿಎಪಿ ಎನ್ನುತ್ತಾರೆ. ಚೆಂಡಿನ ಮೇಲೆ ಕೋರಿನ ತುದಿ ತೋರಿಸುವ ಬಣ್ಣದ ಚುಕ್ಕೆಯಿದೆ (ಅದರ ಹೆಸರೂ ಪಿನ್ನೇ, ಗೊಂದಲ ಬೇಡವೆಂದು ಇಲ್ಲಿ ಚುಕ್ಕೆ ಎನ್ನೋಣ). ಪಿಎಪಿಯಿಂದ ಚುಕ್ಕೆ ಸುಮಾರು 3⅜ ಇಂಚು ದೂರದಲ್ಲಿದ್ದರೆ ಚೆಂಡು ಅತಿ ಹೆಚ್ಚು ಹೊರಳುತ್ತದೆ, ಅಂದರೆ ಸುತ್ತು ಸುತ್ತಿಗೂ ಹೊಸ ಜಾಗ ಲೇನಿಗೆ ತಾಗುತ್ತದೆ. ಅದಕ್ಕಿಂತ ತೀರ ಹತ್ತಿರ ಅಥವಾ ತೀರ ದೂರ ಹೋದರೆ ಹೊರಳು ತಗ್ಗುತ್ತದೆ. ಈ ಪ್ರಕರಣಕ್ಕೆ 5ರಿಂದ 5½ ಇಂಚು ಕೇಳಿ. ತಿರುವು ತಗ್ಗಿಸಲು ಹೆಚ್ಚುವರಿ ತೂತು ಕೊರೆಯುವ ಹಳೆಯ ಪದ್ಧತಿಯನ್ನು ಯಾರಾದರೂ ಹೇಳಿದರೆ ಬೇಡ ಎನ್ನಿ. 2020ರ ಆಗಸ್ಟಿನಿಂದ ಯುಎಸ್‌ಬಿಸಿ ಅದನ್ನು ನಿಲ್ಲಿಸಿದೆ, ಬೆರಳಿಡಲು ಬಳಸದ ತೂತು ಚೆಂಡಿನಲ್ಲಿ ಇರುವಂತಿಲ್ಲ.

ಅದೇ ಪ್ರಯಾಣದಲ್ಲಿ ಸ್ಪೇರಿಗೊಂದು ಪ್ಲಾಸ್ಟಿಕ್ ಚೆಂಡು, ಅದೂ 14 ಪೌಂಡು, ಅದೇ ಬೆರಳಿನ ಅಳತೆ. ಕೊಲಂಬಿಯಾ 300ರ ವೈಟ್ ಡಾಟ್ ಅಥವಾ ಬ್ರನ್ಸ್‌ವಿಕ್ ಟಿ-ಝೋನ್ ತರದ್ದು ಸಾಕು. ದುಡ್ಡು ಒಂದೇ ಚೆಂಡಿಗೆ ಸಾಲುವುದಾದರೆ ಯಾವುದು ಮೊದಲು? ಪ್ಲಾಸ್ಟಿಕ್ಕೇ ಮೊದಲು. ಒಣ ಲೇನಿನಲ್ಲಿ ಹುಕ್ ಚೆಂಡಿನಿಂದ 10ನೇ ಪಿನ್ ಹೊಡೆಯಲು ಹೋಗಿ ಕಳೆದುಕೊಳ್ಳುವ ಅಂಕ, ಸ್ಟ್ರೈಕ್ ತಪ್ಪಿ ಕಳೆದುಕೊಳ್ಳುವುದಕ್ಕಿಂತ ಹೆಚ್ಚು.

ಬಳಕೆ

ಹೊಸ ಚೆಂಡು ಬಂದ ಮೇಲೆ ಮೊದಲ ವಾರ ಬೇರೇನೂ ಬದಲಿಸದೆ ಅದೇ ಎಸೆತ ಎಸೆಯಬೇಕು. ಕೈಯನ್ನೂ ಚೆಂಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂಬುದು ತಿಳಿಯುವುದೇ ಇಲ್ಲ.

ಗೆರೆ ಹೀಗೆ: ಫೌಲ್ ಲೈನಿನಲ್ಲಿ ಚೆಂಡು ಇಳಿಯುವುದು 17ನೇ ಪಟ್ಟಿಗೆ, ಬಾಣಗಳ ಹತ್ತಿರ 14ನೇ ಪಟ್ಟಿ, ಅಲ್ಲಿಂದ ಹೊರಕ್ಕೆ ಸಾಗಿ 40 ಅಡಿ ಸುಮಾರಿಗೆ 9 ಅಥವಾ 10ನೇ ಪಟ್ಟಿ, ತಿರುಗಿ 17.5ಕ್ಕೆ. ಜಾರುವ ಎಡಗಾಲು ಚೆಂಡಿಗಿಂತ ಸುಮಾರು ಆರು ಪಟ್ಟಿ ಎಡಕ್ಕಿರುತ್ತದೆ, ಆದ್ದರಿಂದ ಕಾಲು 23ಕ್ಕೆ ಬಂದು ನಿಲ್ಲಬೇಕು. ಚೆಂಡು ಎಣ್ಣೆ ಉಳಿದಿರುವ ಆ ಆರು ಪಟ್ಟಿಯೊಳಗೇ ಮೊದಲ 20 ಅಡಿ ಸಾಗುತ್ತದೆ ಎನ್ನುವುದೇ ಈ ಗೆರೆಯ ಗುಟ್ಟು.

ಚೆಂಡು ಎಡಕ್ಕೆ ಹೋಗತೊಡಗಿದಾಗ ಕಾಲು ಎರಡು ಪಟ್ಟಿ ಎಡಕ್ಕೆ, ಗುರಿ ಒಂದು ಪಟ್ಟಿ ಎಡಕ್ಕೆ. ನೇರ ಗೆರೆಯ ಲೆಕ್ಕದಲ್ಲಿ ಇದರಿಂದ ಪಿನ್ನಿನ ಹತ್ತಿರ ಎರಡು ಪಟ್ಟಿ ಬಲಕ್ಕೆ ಸರಿಯುತ್ತದೆ. ಗುರಿ ಬದಲಿಸದೆ ಕಾಲನ್ನು ಮಾತ್ರ ಒಂದು ಪಟ್ಟಿ ಸರಿಸಿದರೆ ಪಿನ್ನಿನ ಹತ್ತಿರ ಮೂರು ಪಟ್ಟಿ ಸರಿಯುತ್ತದೆ: ಗುರಿ 15 ಅಡಿಗೆ, ಅದರಾಚೆ 45 ಅಡಿ, ಮೂರರಷ್ಟು. ಆದರೆ ಹಾಗೆ ಮಾಡಿದರೆ ಚೆಂಡು ಹೊರಗಿನ ಒಣ ಅಂಚಿಗೆ ಬೇಗ ತಲುಪುತ್ತದೆ, ಅಲ್ಲಿ ಹಿಡಿತ ಸಿಕ್ಕಿ ಮತ್ತೆ ಎಡಕ್ಕೇ ಬರುತ್ತದೆ. ಎರಡಕ್ಕೊಂದರ ಸರಿತವೇ ಇಲ್ಲಿ ವಾಸಿ.

ವೇಗ ಹೆಚ್ಚಿಸುವುದು ಭುಜದಿಂದಲ್ಲ, ಎತ್ತರದಿಂದ. ನಿಲ್ಲುವಾಗ ಚೆಂಡನ್ನು ಸೊಂಟದ ಮಟ್ಟದಿಂದ ಒಂದು ಗೇಣು ಮೇಲೆ, ಎದೆಯ ಹತ್ತಿರ ಹಿಡಿಯಿರಿ. ಅರ್ಧ ಅಡಿ ಹಿಂದಿನಿಂದ ನಡಿಗೆ ಶುರುಮಾಡಿ. ತೋಳು ಸಡಿಲವಾಗಿದ್ದರೆ ತೂಕವೇ ಬೀಸನ್ನು ಮಾಡುತ್ತದೆ. 168 ಫ್ರೇಮು 159ಕ್ಕೆ ಇಳಿದರೆ ವೇಗ ಗಂಟೆಗೆ 24.8 ಕಿಲೋಮೀಟರಿನ ಹತ್ತಿರ ಬಂದಂತೆ. ಅಷ್ಟು ಸಾಕು.

ಕೈ ಬಿಡುವಾಗ ಅಂಗೈ ಚೆಂಡಿನ ಹಿಂದೆಯೇ ಇರಲಿ, ಬದಿಗೆ ತಿರುಚಬೇಡಿ. ಮಣಿಕಟ್ಟನ್ನು ಬಿಗಿಯಾಗಿ ಒಳಕ್ಕೆ ಮಡಚುವ ಬದಲು ತುಸು ಹಿಂದಕ್ಕೆ ಸಡಿಲ ಬಿಟ್ಟರೆ ಸುತ್ತು ತಾನಾಗಿ ತಗ್ಗುತ್ತದೆ. ಮುಂಭಾಗ ತೀರ ಒಣಗಿದ ದಿನ ಫೌಲ್ ಲೈನಿನಾಚೆ ಎರಡು ಮೂರು ಅಡಿ ದೂರ ಚೆಂಡು ಇಳಿಸುವುದೂ ಒಂದು ಉಪಾಯ. ದೂರ ಇಳಿಸಬೇಕು, ಎತ್ತರದಿಂದ ಕುಕ್ಕಬಾರದು. ಲೇನ್ ಕುಳಿ ಬಿದ್ದರೆ ಮಾಲೀಕರು ಮುಂದಿನ ಬುಧವಾರ ಒಳಗೆ ಬಿಡುವುದಿಲ್ಲ.

10ನೇ ಪಿನ್ನಿಗೆ ಪ್ಲಾಸ್ಟಿಕ್ ಚೆಂಡು, ಎಡದಿಂದ ಅಡ್ಡಲಾಗಿ. ಕಾಲು 32ನೇ ಪಟ್ಟಿಗೆ, ಚೆಂಡು 26ಕ್ಕೆ, ನಡುವಿನ ಬಾಣ ಅಂದರೆ 20ನೇ ಪಟ್ಟಿಯ ಮೇಲೆ ಹಾಯಿಸಿದರೆ ನೇರ ಪಿನ್ನಿನ ಮೇಲೆ. ಅಂಗೈ ಮೇಲ್ಮುಖವಾಗಿ ಚಪ್ಪಟೆ ಇರಲಿ, ತಿರುವು ಕೊಡಲೇಬಾರದು. ನಡುಭಾಗ ಒಣಗಿದ್ದರೂ ಪ್ಲಾಸ್ಟಿಕ್ಕಿಗೆ ಅದು ಲೆಕ್ಕಕ್ಕಿಲ್ಲ.

ಎಲ್ಲಿ ಮತ್ತೆ ಕೆಡುತ್ತದೆ

ಮೊದಲ ಎರಡು ಗೇಮ್ ಈ ವ್ಯವಸ್ಥೆ ನಡೆಯುತ್ತದೆ. ಮೂರನೆಯದರಲ್ಲಿ ಇರುವ ಆರು ಪಟ್ಟಿಯ ಎಣ್ಣೆಯೂ ತೀರುತ್ತಾ ಬರುತ್ತದೆ, ಎರಡಕ್ಕೊಂದು ಸರಿಯುತ್ತಾ ಹೋದ ಗುರಿ 17ನೇ ಪಟ್ಟಿಗೆ ತಲುಪುತ್ತದೆ. ದೊಡ್ಡ ಆಲಿಯಲ್ಲಾದರೆ ಇನ್ನೂ ಎಡಕ್ಕೆ ಹೋದಷ್ಟೂ ಎಣ್ಣೆ ಸಿಗುತ್ತದೆ. ಇಲ್ಲಿ 18ರಿಂದಾಚೆ ಮಕ್ಕಳ ಚೆಂಡಿನ ಜಾಡು. ಅಲ್ಲಿಗೆ ಕಾಲಿಟ್ಟರೆ ಹೊಸ ಚೆಂಡೂ 25 ಅಡಿಗೆ ಕಚ್ಚಿಕೊಳ್ಳುತ್ತದೆ. ‘ಎಡಕ್ಕೆ ಸರಿ’ ಎಂಬ ಸಲಹೆ ಸಾಯುವುದು ಇಲ್ಲೇ. ಆ ಹೊತ್ತಿಗೆ ಇರುವ ದಾರಿ ಎರಡು: ಇದೇ ಪರ್ಲನ್ನು ಮಣಿಕಟ್ಟು ಪೂರ್ತಿ ಸಡಿಲಬಿಟ್ಟು, ಬಾಗು ಕಡಿಮೆ ಮಾಡಿ ನೇರವಾಗಿ ಆಡುವುದು, ಇಲ್ಲವೇ ಪ್ಲಾಸ್ಟಿಕ್ಕಿಗೇ ಸ್ವಲ್ಪ ತಿರುವು ಕೊಟ್ಟು ಮೊದಲ ಎಸೆತಕ್ಕೂ ಬಳಸುವುದು. ಎರಡರಲ್ಲೂ ಸ್ಟ್ರೈಕ್ ಕಡಿಮೆಯಾಗುತ್ತದೆ, ಸ್ಪ್ಲಿಟ್ (ಪಿನ್ನುಗಳು ದೂರ ದೂರ ಉಳಿಯುವುದು) ಇನ್ನೂ ಕಡಿಮೆಯಾಗುತ್ತದೆ. ಸ್ಪೇರ್ ತುಂಬಿಸಿಕೊಂಡು ಹೋಗುವವರಿಗೆ ಅದು ಲಾಭವೇ.

ಚೆಂಡಿನ ಹೊಳಪು ಇನ್ನೊಂದು ಕಡೆ ಮೋಸ ಮಾಡುತ್ತದೆ. ಒಣ ಲೇನ್ ಮರಳುಕಾಗದದಂತೆ ಚೆಂಡನ್ನು ತೇಯುತ್ತದೆ, ಅದರ ಮೇಲೆ ಬಳ್ಳಾರಿಯ ಕೆಂಧೂಳು. ಉರುಳುವ ಪಟ್ಟಿಯ ಪಾಲಿಶ್ ಸವೆದು ಸಣ್ಣ ಗೀರು ಬಿದ್ದರೆ ಚೆಂಡು ಮತ್ತೆ ಬೇಗ ಹಿಡಿಯತೊಡಗುತ್ತದೆ, ಆಟಗಾರರು ತಮ್ಮ ಕೈಯನ್ನು ದೂರುತ್ತಾರೆ. ಪ್ರತಿ ಎಸೆತಕ್ಕೂ ಮುಂಚೆ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸುವುದು, ಆಟ ಮುಗಿದ ಕೂಡಲೇ ಬೌಲಿಂಗ್ ಚೆಂಡಿನ ಕ್ಲೀನರಿನಿಂದ ತೊಳೆಯುವುದು ಅಭ್ಯಾಸವಾಗಲಿ. ಉಗುರು ಎಳೆದರೆ ಗೀರು ತಗುಲುವಷ್ಟಾದಾಗ ಡ್ರಿಲ್ ಅಂಗಡಿಯಲ್ಲಿ ಚೆಂಡು ತಿರುಗಿಸುವ ಯಂತ್ರದ ಮೇಲೆ ಪ್ಯಾಡಿನಿಂದ ಮೈಯನ್ನು ಸಮಮಾಡಿಸಿ, ಮೇಲೆ ಪಾಲಿಶ್ ಹಾಕಿಸಬೇಕು. ಗ್ರಿಟ್ ಅಂಕಿ ದೊಡ್ಡದಾದಷ್ಟೂ ನುಣುಪು: 500 ಒರಟು, 4000 ನಯ. ಅಂಗಡಿಯವರಿಗೆ ‘ಡಬ್ಬಿಯಲ್ಲಿ ಬಂದಾಗ ಇದ್ದ ಮೇಲ್ಮೈ’ ಎಂದು ಹೇಳಿದರೆ ಗೊತ್ತಾಗುತ್ತದೆ. ಪಂದ್ಯದ ನಡುವೆ ಪ್ಯಾಡ್ ಹಚ್ಚುವುದು ನಿಯಮಕ್ಕೆ ವಿರುದ್ಧ.

ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಚೆಂಡು ಬಿಡಬೇಡಿ. ಹೊರಗೆ 40 ಡಿಗ್ರಿ ಇದ್ದಾಗ ಡಿಕ್ಕಿಯೊಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ರಿಯಾಕ್ಟಿವ್ ಮೈ ಬೆವರಿದಂತೆ ಜಿಡ್ಡು ಬಿಡುತ್ತದೆ, ಎಸಿ ಕೋಣೆಗೆ ತಕ್ಷಣ ತಂದರೆ ಬೆರಳಿನ ತೂತುಗಳ ನಡುವೆ ಬಿರುಕು ಬಿಡಬಹುದು.

ಧೂಳು ಲೇನಿನ ಮೇಲಷ್ಟೇ ಅಲ್ಲ, ನಡಿಗೆಯ ಜಾಗದ ಮೇಲೂ ಕೂರುತ್ತದೆ. ಎಡಗಾಲಿನ ಶೂ ಜಾರದೆ ಥಟ್ಟನೆ ನಿಂತರೆ ಮೊಣಕಾಲಿಗೆ ಪೆಟ್ಟು, ಎಸೆತವೂ ಹಾಳು. ಶೂ ತಳ ಬ್ರಷ್ ಮಾಡಿಕೊಳ್ಳಿ. ಪೌಡರ್ ಮಾತ್ರ ಹಾಕಬೇಡಿ, ಮುಂದೆ ಬರುವವರು ಜಾರಿ ಬೀಳುತ್ತಾರೆ.

ಕೊನೆಯದಾಗಿ ಮಾಲೀಕರ ಕಡೆಯಿಂದ ಆಗಬಹುದಾದದ್ದು. ಎಣ್ಣೆ ಹಾಕುವುದನ್ನು ಸೋಮವಾರದಿಂದ ಬುಧವಾರ ಮಧ್ಯಾಹ್ನಕ್ಕೆ ಬದಲಿಸಿದರೆ ಅಷ್ಟೇ ಖರ್ಚಿನಲ್ಲಿ ರಾತ್ರಿಯ ಪಂದ್ಯಕ್ಕೆ ಎಣ್ಣೆ ಉಳಿದಿರುತ್ತದೆ. ಹಾಕುವ ಮುಂಚೆ ಹಳೆಯ ಎಣ್ಣೆಯನ್ನು ಲೇನ್ ಕ್ಲೀನರಿನಿಂದ ಒರೆಸಿ ತೆಗೆಯಬೇಕು. ಧೂಳಿನ ಮೇಲೇ ಎಣ್ಣೆ ಹಾಕಿದರೆ ಕೆಸರಾಗುತ್ತದೆ, ಎರಡು ಗೇಮಿನಲ್ಲಿ ಒಂದೊಂದು ಪಟ್ಟಿ ಒಂದೊಂದು ತರ ವರ್ತಿಸುತ್ತದೆ. ಮಾಪು ನೂಲು ಬಿಡದಂಥದ್ದಿರಲಿ, ಫೌಲ್ ಲೈನಿನ ಈಚೆಗೆ ಒಂದು ಹನಿಯೂ ಬೀಳದಿರಲಿ. ಎಸಿಯನ್ನು ಜನ ಬರುವ ಹೊತ್ತಿಗಲ್ಲ, ಎಣ್ಣೆ ಹಾಕುವ ಮುಂಚೆಯೇ ಹಾಕಬೇಕು. ಸೆಕೆಗೆ ಎಣ್ಣೆ ತೆಳುವಾಗಿ ಹರಡಿಕೊಳ್ಳುತ್ತದೆ. ಮಕ್ಕಳ ಸ್ಟ್ಯಾಂಡನ್ನು ಒಂದು ಮತ್ತು ಎರಡನೇ ಲೇನಿಗೆ ಮೀಸಲಿಟ್ಟು ಬುಧವಾರದ ಪಂದ್ಯವನ್ನು ಮೂರು, ನಾಲ್ಕರಲ್ಲಿ ಆಡಿಸಿದರೆ ನಡುವಿನ ಆ ಜಾಡೇ ಬೀಳುವುದಿಲ್ಲ. ಹಾಗಾದ ದಿನ ಇವರು 10ನೇ ಪಟ್ಟಿಯಿಂದ ಮತ್ತೆ ಅಳೆದು ನೋಡಬೇಕು. ಹಳೆಯ 15 ಪೌಂಡಿನ ಚೆಂಡನ್ನು ಅಲ್ಲಿಯವರೆಗೆ ಮಾರದೆ ಇಟ್ಟುಕೊಳ್ಳುವುದು ಒಳ್ಳೆಯದು.